ಸೂರ್ಯ ಬೆನ್ನಿಗೆ, ಹೊಳೆ ಎಡಕ್ಕೆ

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಕಾರಿನಲ್ಲಿ ಹೋಗುವವರು ಬೆಳಿಗ್ಗೆ ಹೊರಡಬೇಕು, ಸಂಜೆ ಮರಳಬೇಕು. ಈ ವಿಷಯದಲ್ಲಿ ನಾನು ಯಾರೊಂದಿಗೂ ರಾಜಿಯಾಗುವುದಿಲ್ಲ. ರಸ್ತೆ ನೈಋತ್ಯಕ್ಕೆ ಸಾಗುವುದರಿಂದ, ಮಳೆ ಬಿಟ್ಟ ದಿನಗಳಲ್ಲಿ ಹೋಗುವಾಗಲೂ ಬರುವಾಗಲೂ ಸೂರ್ಯ ಬೆನ್ನಿಗಿರುತ್ತಾನೆ. ಹೋಗುವಾಗ ತುಂಗೆ ಎಡಕ್ಕೆ, ಪಕ್ಕದ ಸೀಟಿನವರ ಪಾಲಿಗೆ. ಬರುವಾಗ ಬಲಕ್ಕೆ, ಸ್ಟೀರಿಂಗ್ ಹಿಡಿದವರ ಪಾಲಿಗೆ. ಗಾಡಿ ಓಡಿಸುವವರಿಗೂ ಅಷ್ಟಿಷ್ಟು ಹೊಳೆ ಸಿಗುವ ಇಂಥ ರಸ್ತೆಗಳು ಕಡಿಮೆ.

ಮೊನ್ನೆ ಬೆಂಗಳೂರಿನಿಂದ ಬಂದ ಅಳಿಯ ಕೇಳಿದ: "ಮಾವಾ, ಒಂದು ದಿನದಲ್ಲಿ ಎಷ್ಟು ಪಾಯಿಂಟ್ ಕವರ್ ಆಗುತ್ತೆ?" ಸಕ್ರೆಬೈಲು, ಕುಪ್ಪಳಿ, ಕೂಡ್ಲಿ, ಜೋಗ ಎಲ್ಲವೂ ಅವನ ಪಟ್ಟಿಯಲ್ಲಿದ್ದವು. ಜೋಗ ಇರುವುದು ಊರಿನ ಇನ್ನೊಂದು ದಿಕ್ಕಿಗೆ, ನೂರು ಕಿಲೋಮೀಟರಿನಷ್ಟು ದೂರ. ಹಾಗೆ ಓಡಿದರೆ ನೋಡಲು ಸಿಗುವುದು ಮುಂದಿನ ಲಾರಿಯ ಹಿಂಭಾಗ ಮಾತ್ರ.

ಸಕ್ರೆಬೈಲಿನ ಬಿಡಾರದಲ್ಲಿ ಮಾವುತರು ನಸುಕಿನಲ್ಲೇ ಕಾಡಿಗೆ ಹೋಗಿ, ರಾತ್ರಿ ಮೇಯಲು ಬಿಟ್ಟ ಆನೆಗಳನ್ನು ಹುಡುಕಿ ತರುತ್ತಾರೆ. ಹೊಳೆಯಲ್ಲಿ ಮೈ ತೊಳೆಸಿ, ಮೇವು ತಿನ್ನಿಸಿ, ಹೊತ್ತೇರುತ್ತಲೇ ಮತ್ತೆ ಕಾಡಿಗೆ ಬಿಡುತ್ತಾರೆ. ಮಧ್ಯಾಹ್ನ ಬಂದು ಗೇಟಿನಲ್ಲಿ ಜಗಳ ತೆಗೆಯುವವರನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಆನೆಯ ದಿನಚರಿ ಹೋಟೆಲಿನ ಚೆಕ್‌ಔಟ್ ಸಮಯಕ್ಕೆ ಏಕೆ ಹೊಂದಬೇಕು?

ಮಂಡಗದ್ದೆಯಲ್ಲಿ ಈ ಉರಿ ಇನ್ನೂ ಹೆಚ್ಚುತ್ತದೆ. ಮಳೆಗಾಲದಲ್ಲಿ ಅಲ್ಲಿಯ ನಡುಗಡ್ಡೆಯ ಮರಗಳು ಸೊಂಟದವರೆಗೆ ನೀರಿನಲ್ಲಿರುತ್ತವೆ. ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳ ಗೂಡು. ಅಷ್ಟೂ ಹೆದ್ದಾರಿಯ ಪಕ್ಕದಲ್ಲೇ. ಜನ ಮಾತ್ರ ಗಾಜು ಏರಿಸಿ, ಎಸಿ ಹಾಕಿ, ಹಾಡು ಹಚ್ಚಿಕೊಂಡು ಎಂಬತ್ತರಲ್ಲಿ ದಾಟಿಹೋಗುತ್ತಾರೆ. ನಿಲ್ಲಿಸಿದವರು ಹಕ್ಕಿ ಏಳಲೆಂದು ಹಾರ್ನ್ ಒತ್ತುತ್ತಾರೆ. ಗೂಡಿನಲ್ಲಿ ಮರಿಯಿರುವಾಗ, ಒಂದು ಫೋಟೋಕ್ಕಾಗಿ! ಇದು ತಿಳಿಯದೆ ಮಾಡುವ ತಪ್ಪಲ್ಲ, ಒರಟುತನ.

ಗಾಜಿನ ಮಾತು ಬಂತು, ಹೇಳಿಯೇ ಬಿಡುತ್ತೇನೆ. ಮಳೆಯಲ್ಲೂ ಎರಡೂ ಬದಿಯ ಗಾಜು ಎರಡು ಬೆರಳಷ್ಟು ಇಳಿದಿರಲಿ. ಒಳಗೆ ಮಂಜು ಕಟ್ಟುವುದು ಕಡಿಮೆಯಾಗುತ್ತದೆ, ಕೊಳೆತೆಲೆಯ ವಾಸನೆ ಬರುತ್ತದೆ, ಮಂಡಗದ್ದೆ ಹತ್ತಿರವಾದದ್ದು ಹಕ್ಕಿಗಳ ಗದ್ದಲದಿಂದಲೇ ತಿಳಿಯುತ್ತದೆ. ತೋಳು ಒದ್ದೆಯಾಗುತ್ತದೆ ಎನ್ನುವವರು ಟವೆಲ್ ಇಟ್ಟುಕೊಳ್ಳಲಿ.

ಅಳಿಯನನ್ನು ನಾನು ಜೋಗಕ್ಕೆ ಕರೆದೊಯ್ಯಲಿಲ್ಲ. ಮಾರನೆಯ ದಿನ ಕೂಡ್ಲಿಗೆ ಹೊರಟೆವು. ಅದು ಈಶಾನ್ಯಕ್ಕಿರುವುದರಿಂದ ಬೆಳಿಗ್ಗೆ ಹೋದರೆ ಬಿಸಿಲು ಮುಖಕ್ಕೇ ಹೊಡೆಯುತ್ತದೆ, ಮಧ್ಯಾಹ್ನದ ಮೇಲೆ ಹೊರಟು ಕತ್ತಲಾದ ಮೇಲೆ ಮರಳಬೇಕು. ತುಂಗೆಯ ಸೇತುವೆ ದಾಟಿ ಹೊಳೆಹೊನ್ನೂರು ರಸ್ತೆ ಹಿಡಿದರೆ ಎರಡು ಹೊಳೆಗಳ ನಡುವಿನ ನೆಲದಲ್ಲೇ ಪ್ರಯಾಣ. ಎಡಗಡೆ ಎಲ್ಲೋ ತುಂಗೆ, ಬಲಗಡೆ ಎಲ್ಲೋ ಭದ್ರೆ. ಎರಡೂ ಕಾಣುವುದಿಲ್ಲ, ಗದ್ದೆ ತೋಟಗಳಷ್ಟೇ ಕಾಣುತ್ತವೆ. ಎರಡೂ ಹುಟ್ಟಿದ್ದು ವರಾಹ ಪರ್ವತದ ಗಂಗಾಮೂಲದಲ್ಲಿ. ತುಂಗೆ ಶೃಂಗೇರಿ, ತೀರ್ಥಹಳ್ಳಿಯ ದಾರಿ ಹಿಡಿದಳು; ಭದ್ರೆ ಕಳಸ, ಬಾಳೆಹೊನ್ನೂರು, ಭದ್ರಾವತಿ ಸುತ್ತಿ ಬಂದಳು. ಕೂಡ್ಲಿಯ ತುದಿಯಲ್ಲಿ ಇಬ್ಬರೂ ಸೇರುತ್ತಾರೆ. ಅಲ್ಲಿಂದ ಕೃಷ್ಣೆಯವರೆಗೆ 531 ಕಿಲೋಮೀಟರ್ ತುಂಗಭದ್ರೆ.

ಮಳೆಗಾಲದ ಮೊದಲಲ್ಲಿ ಈ ಸಂಗಮಕ್ಕೆ ಇಬ್ಬರೂ ಸಮನಾಗಿ ಬರುವುದಿಲ್ಲ. ಗಾಜನೂರಿನ ಅಣೆಕಟ್ಟಿನಲ್ಲಿ ಹಿಡಿಯುವುದು ಬರೀ 3.24 ಟಿಎಂಸಿ ನೀರು. ನಾಲ್ಕು ಜೋರು ಮಳೆಗೆ ತುಂಬಿ ಗೇಟು ತೆರೆಯುತ್ತಾರೆ, ತುಂಗೆ ಕೆಂಪಗೆ ಧಾವಿಸಿ ಬರುತ್ತಾಳೆ. ಲಕ್ಕವಳ್ಳಿಯ ಭದ್ರಾ ಜಲಾಶಯದ ಹೊಟ್ಟೆ 71.5 ಟಿಎಂಸಿಯದು, ತುಂಬಲು ವಾರಗಟ್ಟಲೆ ಬೇಕು, ಕೆಲವು ವರ್ಷ ತುಂಬುವುದೇ ಇಲ್ಲ. ಹಾಗಾಗಿ ಜುಲೈಯಲ್ಲಿ ಕೂಡ್ಲಿಗೆ ಹೋದವರು ನೋಡುವುದು ಬಹುಪಾಲು ತುಂಗೆಯ ಪ್ರವಾಹವನ್ನೇ. ಅಳಿಯ ಮೆಟ್ಟಿಲ ಮೇಲೆ ನಿಂತು ಇದನ್ನೆಲ್ಲ ಕೇಳಿದ. ಎರಡು ನೀರಿನ ಬಣ್ಣ ಎಲ್ಲಿ ಬೇರೆಯಾಗುತ್ತದೆಂದು ಅವನೇ ಬೆರಳು ಮಾಡಿ ತೋರಿಸಿದ. ಪಟ್ಟಿಯ ಮಾತು ಎತ್ತಲಿಲ್ಲ.

ಇಬ್ಬರನ್ನೂ ತುಂಬಿದಂತೆ ನೋಡಬೇಕಾದರೆ ಭದ್ರೆಯ ಗೇಟು ತೆರೆದ ಸುದ್ದಿಗೆ ಕಾಯಬೇಕು. ಸುದ್ದಿ ಕೇಳಿದೊಡನೆ ಓಡಬೇಡಿ. ಲಕ್ಕವಳ್ಳಿಯಿಂದ ಬಿಟ್ಟ ನೀರು ಭದ್ರಾವತಿ ದಾಟಿ ಕೂಡ್ಲಿ ಮುಟ್ಟಲು ಹೊತ್ತು ಹಿಡಿಯುತ್ತದೆ. ಮಾರನೆಯ ದಿನ, ಊಟ ಮುಗಿಸಿಕೊಂಡು ಹೊರಡಿ.