ಗ್ಯಾರೇಜು ಬಾಗಿಲಿನ ಕೆಳಗೆ

ಮಿನೆಸೋಟಾದಲ್ಲಿ ಚಳಿಗಾಲ ಬಂತೆಂದರೆ ಗ್ಯಾರೇಜೇ ಹೆಬ್ಬಾಗಿಲು. ಮನೆಯ ಮುಂದಿನ ಮೆಟ್ಟಿಲು ಹಿಮದಲ್ಲಿ ಹೂತಿರುತ್ತದೆ. ಕಾರು ನೇರ ಗ್ಯಾರೇಜಿಗೆ, ಅಲ್ಲಿಂದ ಒಳಬಾಗಿಲು ದಾಟಿ ನಾವು ಅಡುಗೆಮನೆಗೆ. ಮಿನಿಯಾಪೊಲಿಸ್ ಹೊರವಲಯದಲ್ಲಿ ನಾವು ಬಾಡಿಗೆಗೆ ಹಿಡಿದ ಮನೆಯದು ಎರಡು ಕಾರಿನ ಗ್ಯಾರೇಜು. 16 ಅಡಿ ಅಗಲ, 7 ಅಡಿ ಎತ್ತರದ ಉಕ್ಕಿನ ಬಾಗಿಲು. ಬಟನ್ ಒತ್ತಿದರೆ ಏಳುತ್ತಿತ್ತು, ಒತ್ತಿದರೆ ಇಳಿಯುತ್ತಿತ್ತು. ಸ್ವಲ್ಪ ನರಳುತ್ತಿತ್ತು, ನಿಜ. ಆ ಚಳಿಯಲ್ಲಿ ನರಳದ್ದು ಯಾವುದಿದೆ?

ಜನವರಿಯ ಒಂದು ಸಂಜೆ. ಗಂಡ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರು. ಅರಸೀಕೆರೆಯಿಂದ ಬಂದಿದ್ದ ಅತ್ತೆ ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ಕಾರಿನಿಂದ ಕರಗಿ ಇಳಿದ ನೀರು ಹೊಸ್ತಿಲಿನ ಜಾಗದಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ, ಬಾಗಿಲಿನ ಅಡಿಯ ರಬ್ಬರ್ ಪಟ್ಟಿ ಅದಕ್ಕೆ ಕಚ್ಚಿಕೊಳ್ಳುತ್ತದೆ. ಅದನ್ನು ಕೆರೆಯಲು ಬಾಗಿಲು ತೆರೆದು, ಹೊರಗೆ ಮುಖ ಮಾಡಿ ಮಂಡಿಯೂರಿ ಕೂತಿದ್ದೆ. ಬಗ್ಗಿದಾಗ ಕೋಟಿನ ಜೇಬಿನಲ್ಲಿದ್ದ ರಿಮೋಟು ಒತ್ತಿಹೋಯಿತು. ಕಿವಿ ಮುಚ್ಚುವ ಟೋಪಿಯೊಳಗಿಂದ ಮೋಟಾರಿನ ಗುರುಗುರು ಕೇಳಿಸಿತು, ಮನೆಯ ಹೀಟರ್ ಹತ್ತಿಕೊಂಡಿರಬೇಕು ಅಂದುಕೊಂಡೆ.

ಬಾಗಿಲು ಬೆನ್ನಿಗೆ ತಾಗಿದಾಗಲೂ ಭಯವಾಗಲಿಲ್ಲ. ಏನಾದರೂ ತಗುಲಿದರೆ ಅದು ತಾನೇ ಮೇಲೆ ಹೋಗುತ್ತದೆ ಎಂಬುದು ಗೊತ್ತಿತ್ತು. ಹೋಗಲಿಲ್ಲ. ನನ್ನನ್ನು ಮಂಜುಗಡ್ಡೆಗೆ ಒತ್ತಿ ಮಲಗಿಸಿ, ಇನ್ನೂ ಒತ್ತಿ, ಮೋಟಾರು ಅಲ್ಲೇ ನಿಂತಿತು. ತಲೆ, ಕೈ ಹೊರಗೆ. ಸೊಂಟದಿಂದ ಕೆಳಗೆ ಒಳಗೆ. ರಿಮೋಟು ನನ್ನದೇ ಮೈಯಡಿಯಲ್ಲಿ. ಕೂಗಲು ಉಸಿರು ಬೇಕು. ಬಿಟ್ಟ ಉಸಿರನ್ನು ಮತ್ತೆ ಎಳೆದುಕೊಳ್ಳಲು ಎದೆಗೆ ಜಾಗವಿರಲಿಲ್ಲ. ಬೀದಿಯಲ್ಲಿ ಒಬ್ಬರೂ ಇಲ್ಲ. ಅಂಥ ಚಳಿಯಲ್ಲಿ ಯಾರು ತಾನೇ ಇರುತ್ತಾರೆ?

ಕಾಲು ಝಾಡಿಸಿದಾಗ ಖಾಲಿ ಪೇಂಟ್ ಡಬ್ಬವೊಂದು ಉರುಳಿತು. ಅದೇ ನನ್ನನ್ನು ಉಳಿಸಿದ್ದು. "ಏನಮ್ಮಾ ಬಿತ್ತು?" ಎನ್ನುತ್ತಾ ಅತ್ತೆ ಒಳಬಾಗಿಲು ತೆರೆದರಂತೆ. ಕಂಡದ್ದು ಎರಡು ಕಾಲು. ಮೊದಲು ಬಾಗಿಲನ್ನೇ ಎತ್ತಲು ನೋಡಿದರು, ಅದು ಜಪ್ಪಯ್ಯ ಅನ್ನಲಿಲ್ಲ. ಆಮೇಲೆ ಮೋಟಾರಿನ ಹಳಿಯಿಂದ ನೇತಾಡುವ ಕೆಂಪು ಹಿಡಿಕೆಯತ್ತ ಕೈ ಚಾಚಿದರು. ಎಟುಕಲಿಲ್ಲ. ಕೊನೆಗೆ ಗೋಡೆಯ ಸ್ವಿಚ್ಚು. ಅದರಲ್ಲಿ ದೀಪಕ್ಕೊಂದು ಬಟನ್, ಬಾಗಿಲಿಗೊಂದು. ಒತ್ತಿದ್ದು ದೀಪದ್ದು, ಗ್ಯಾರೇಜು ಕತ್ತಲಾಯಿತು. ಕತ್ತಲಲ್ಲೇ ತಡವಿ ಇನ್ನೊಂದನ್ನು ಒತ್ತಿದರು. ಬಾಗಿಲು ಕಿರುಗುಟ್ಟುತ್ತಾ ಎದ್ದಿತು.

ಒಂದು ಪಕ್ಕೆಲುಬು ಬಿರುಕು ಬಿಟ್ಟಿತ್ತು. ಅದಕ್ಕೆ ಪಟ್ಟಿ ಕಟ್ಟುವುದಿಲ್ಲವಂತೆ. ನೋವಿನ ಮಾತ್ರೆ ನುಂಗಿ, ಆಗಾಗ ದೀರ್ಘ ಉಸಿರೆಳೆಯಬೇಕು. ಸೀನು ಬಂದರೆ ಪ್ರಾಣ ಹೋಗುತ್ತಿತ್ತು. ಅದರ ಬಗ್ಗೆ ಇಷ್ಟು ಸಾಕು.

ಬಾಗಿಲು ರಿಪೇರಿಯವನು ಬಂದು ಮಾಡಿದ ಮೊದಲ ಕೆಲಸ, ಮೋಟಾರಿನ ಪಕ್ಕ ಛಾವಣಿಯತ್ತ ಟಾರ್ಚು ಬಿಟ್ಟದ್ದು. ಬಾಗಿಲಿನ ಎರಡು ಬದಿಯಲ್ಲಿ, ನೆಲದಿಂದ 6 ಇಂಚಿಗಿಂತ ಮೇಲಿರದಂತೆ ಕೂರಿಸಬೇಕಾದ ಸೆನ್ಸರುಗಳು ಅಲ್ಲಿದ್ದವು, ಒಂದರ ಮುಖ ಇನ್ನೊಂದಕ್ಕೆ ಮಾಡಿ ಟೇಪು ಸುತ್ತಿ. ಅವುಗಳ ನಡುವೆ ಯಾವತ್ತೂ ಏನೂ ಅಡ್ಡ ಬರುವುದಿಲ್ಲ. ಹಾಗಾಗಿ ಕೆಳಗೆ ಯಾರಿದ್ದರೂ ಯಂತ್ರದ ಪಾಲಿಗೆ ದಾರಿ ಖಾಲಿ. ಸೆನ್ಸರಿನ ಮೇಲೆ ಹಿಮದ ಪುಡಿಯೋ ಜೇಡರ ಬಲೆಯೋ ಕೂತು ಬಾಗಿಲು ಮುಚ್ಚದೆ ಹೋದಾಗ, ಒರೆಸುವ ಬದಲು ಹೀಗೆ ಮಾಡುವವರನ್ನು ತಾನು ಬಹಳ ಕಂಡಿದ್ದೇನೆ ಎಂದ.

ಆಮೇಲೆ ಬಾಗಿಲು ಮುಚ್ಚಿ, ಕೆಂಪು ಹಿಡಿಕೆ ಎಳೆದು ಮೋಟಾರಿನಿಂದ ಬಿಡಿಸಿ, ಕೈಯಲ್ಲಿ ಸೊಂಟದ ಎತ್ತರಕ್ಕೆ ಎತ್ತಿ ಬಿಟ್ಟ. ಸರಿಯಿದ್ದ ಬಾಗಿಲು ಅಲ್ಲೇ ನಿಲ್ಲಬೇಕು. ನಮ್ಮದು ದಬಾರನೆ ಬಿತ್ತು. ಸುಮಾರು 90 ಕಿಲೋ ತೂಕದ ಅದನ್ನು ಎತ್ತುವುದು ಮೋಟಾರಲ್ಲ, ಬಾಗಿಲಿನ ತಲೆಯ ಮೇಲೆ ಬಿಗಿಯಾಗಿ ತಿರುಚಿಟ್ಟ ಸ್ಪ್ರಿಂಗು. ಮೋಟಾರು ಸುಮ್ಮನೆ ಎಳೆದು ತಳ್ಳುತ್ತದೆ, ಅಷ್ಟೇ. ಇದನ್ನು ಅತ್ತೆಗೆ ಹೇಳಿದಾಗ, "ಏತದ ಹಿಂದಿನ ಕಲ್ಲು ಇದ್ದ ಹಾಗೆ ಅನ್ನು" ಎಂದರು. ಸಾಮಾನ್ಯ ಸ್ಪ್ರಿಂಗಿನ ಆಯುಸ್ಸು ಸುಮಾರು 10,000 ಸಲ ತೆರೆದು ಮುಚ್ಚುವಷ್ಟು. ದಿನಕ್ಕೆ ನಾಲ್ಕು ಸಲ ಬಳಸಿದರೆ ಏಳು ವರ್ಷದೊಳಗೆ ಮುಗಿಯಿತು. ನಮ್ಮದು ಸೋತು ಎಷ್ಟು ಕಾಲವಾಗಿತ್ತೋ. ಭಾರ ಹೆಚ್ಚಿದಂತೆಲ್ಲ ಬಾಗಿಲು ಅರ್ಧಕ್ಕೆ ನಿಲ್ಲುತ್ತದೆ, ಚಳಿಗೆ ಗ್ರೀಸು ಗಟ್ಟಿಯಾಗಿ ಇನ್ನಷ್ಟು ತಡವರಿಸುತ್ತದೆ. ಯಾರೋ ಮೋಟಾರಿನ ಬಲ ಹೆಚ್ಚಿಸುವ ಸ್ಕ್ರೂಗಳನ್ನು ಕೊನೆಯವರೆಗೆ ತಿರುಗಿಸಿ, ಅದರ ದೂರನ್ನೆಲ್ಲ ಅಡಗಿಸಿಬಿಟ್ಟಿದ್ದರು. ನನ್ನ ಬೆನ್ನು ಅಡ್ಡ ಬಂದದ್ದನ್ನು ಯಂತ್ರ ಅಡ್ಡಿಯೆಂದೇ ಎಣಿಸಲಿಲ್ಲ.

ಅತ್ತೆ ಕೆಂಪು ಹಿಡಿಕೆ ಎಳೆದಿದ್ದರೆ? ಅವನು ತಲೆಯಾಡಿಸಿದ. ಸ್ಪ್ರಿಂಗು ಸೋತ ಬಾಗಿಲನ್ನು ಅರ್ಧದಲ್ಲಿ ಬಿಡಿಸಿದರೆ ಪೂರ್ತಿ ಭಾರ ಕೆಳಗಿದ್ದವರ ಮೇಲೆ. ಅವರು ಕುಳ್ಳಗಿದ್ದದ್ದು ನನ್ನ ಪುಣ್ಯ.

1980ರ ದಶಕದಲ್ಲಿ ಈ ದೇಶದಲ್ಲಿ ಮಕ್ಕಳು ಹೀಗೇ ಸಿಕ್ಕಿ ಸತ್ತ ಮೇಲೆ 1990ರಲ್ಲಿ ಕಾನೂನು ಬಂತು. 1993ರ ಜನವರಿಯಿಂದ ತಯಾರಾದ ಮನೆಬಳಕೆಯ ಯಂತ್ರಗಳಲ್ಲಿ ಸೆನ್ಸರೋ ಅಂಥದ್ದೇ ಇನ್ನೊಂದು ರಕ್ಷಣೆಯೋ ಇರಲೇಬೇಕು. ನಮ್ಮದೂ ಅದಾದ ಮೇಲಿನದೇ. ಕಾನೂನು ಕೊಟ್ಟದ್ದನ್ನು ಟೇಪು ಕಿತ್ತುಕೊಂಡಿತ್ತು. ಮನೆಯೊಡೆಯರು ಹಿಂದಿನ ಬಾಡಿಗೆದಾರರತ್ತ ಬೆರಳು ತೋರಿಸಿದರು, ಬಿಲ್ಲನ್ನೇನೋ ಕಟ್ಟಿದರು.

ಹೊಸ ಸ್ಪ್ರಿಂಗು ಹಾಕುವುದನ್ನು ದೂರದಿಂದ ನೋಡಿದೆ. ಒಂದು ಸೋತರೂ ಎರಡನ್ನೂ ಬದಲಿಸುತ್ತಾರೆ. ಅಳತೆಗೆ ಸರಿಯಾದ ಉಕ್ಕಿನ ಸರಳು ತೂರಿಸಿ ಕಾಲು ಕಾಲು ಸುತ್ತು ಬಿಗಿಯುತ್ತಾ ಹೋದ, ಏಳು ಸುತ್ತಿಗೂ ಹೆಚ್ಚು. ಸರಳಿನ ಜಾಗದಲ್ಲಿ ಸ್ಕ್ರೂಡ್ರೈವರ್ ತೂರಿಸಿ ಕೈಮುಖ ಒಡೆದುಕೊಂಡವರ ಕತೆಯನ್ನೂ ಹೇಳಿದ. ಕೆಳಗಿನ ಮೂಲೆಗಳ ಬೋಲ್ಟಿಗೂ ಕೈ ಹಾಕಬೇಡಿ, ಸ್ಪ್ರಿಂಗಿನ ಬಿಗಿಯೆಲ್ಲ ಕೇಬಲಿನ ಮೂಲಕ ಅಲ್ಲಿಗೇ ಇಳಿದಿರುತ್ತದೆ ಎಂದ.

ನಮಗೆ ಬಿಟ್ಟ ಕೆಲಸ ಸಣ್ಣದು. ಉರುಳೆ, ಕೀಲು, ಸ್ಪ್ರಿಂಗಿಗೆ ಸಿಲಿಕೋನ್ ಸ್ಪ್ರೇ. ಹಳಿಗೆ ಬೇಡ, ಬಟ್ಟೆಯಲ್ಲಿ ಒರೆಸಿದರೆ ಸಾಕು. ತಿಂಗಳಿಗೊಮ್ಮೆ ಒಂದೂವರೆ ಇಂಚು ದಪ್ಪದ ಹಲಗೆಯನ್ನು ಬಾಗಿಲ ಕೆಳಗೆ ಅಡ್ಡಡ್ಡ ಇಟ್ಟು ಮುಚ್ಚಬೇಕು. ತಾಗಿ ಎರಡು ಸೆಕೆಂಡಿನೊಳಗೆ ಬಾಗಿಲು ವಾಪಸು ಏಳಬೇಕು. ಏಳದಿದ್ದರೆ ಬಲದ ಸ್ಕ್ರೂ ಒಂಚೂರು ಇಳಿಸಿ ಮತ್ತೆ ನೋಡಬೇಕು. ಆಗಲೂ ಏಳದಿದ್ದರೆ ಪ್ಲಗ್ಗು ಕಿತ್ತು ರಿಪೇರಿಯವನನ್ನು ಕರೆಯಬೇಕು. ಇಳಿಯುತ್ತಿರುವ ಬಾಗಿಲ ಅಡ್ಡಕ್ಕೆ ಉದ್ದನೆಯ ಪೊರಕೆ ಚಾಚಿ ಸೆನ್ಸರನ್ನೂ ನೋಡುತ್ತೇನೆ.

ಪಕ್ಕದ ಮನೆಯವರು ಇದನ್ನು ಕಂಡು ತಮ್ಮದನ್ನೂ ಪರೀಕ್ಷಿಸಲು ಹಲಗೆ ಕೇಳಿದರು. ಅವರ ಬಾಗಿಲು ಹಲಗೆಯನ್ನು ಒತ್ತಿಕೊಂಡೇ ನಿಂತಿತು. ಅವರಿಗೆ ರಿಪೇರಿಯವನ ನಂಬರು ಕೊಟ್ಟೆ. ಹಲಗೆ ಇನ್ನೂ ವಾಪಸು ಬಂದಿಲ್ಲ, ನಾನು ಬೇರೆ ಕೊಯ್ಯಿಸಿಕೊಂಡೆ.