ಎಲ್ಲಿಂದ ಬಂತು ನೀರು?

ಮಳೆಗಾಲದಲ್ಲಿ ಮನೆ ಸೋರುವ ಸುಖವನ್ನು ಅನುಭವಿಸದ ಗೃಹಸ್ಥರು ವಿರಳ. ಅಡುಗೆಮನೆಯ ಮೂಲೆಯಲ್ಲಿ ಹನಿ ತೊಟ್ಟಿಕ್ಕುತ್ತದೆ. ಮನೆಯಾಕೆ ಅದರಡಿಗೆ ಒಂದು ಪಾತ್ರೆಯನ್ನು ಒಡ್ಡುತ್ತಾಳೆ. ಯಜಮಾನರು ಏಣಿಯೇರಿ, ಆ ಮೂಲೆಯ ನೇರಕ್ಕೆ ಒಂದು ಕರಣೆ ಸಿಮೆಂಟು ಮೆತ್ತಿ, ಯುದ್ಧ ಗೆದ್ದವರಂತೆ ಇಳಿದುಬರುತ್ತಾರೆ. ಮರುದಿನದ ಮಳೆಗೆ ಹನಿ ಮತ್ತೆ ಅದೇ ಮೂಲೆಯಲ್ಲಿ, ಅದೇ ತಾಳದಲ್ಲಿ! ನೀರು ಒಳಹೊಕ್ಕ ಬಾಗಿಲು ಬೇರೆ, ಕಾಣಿಸಿಕೊಂಡ ಬಾಗಿಲು ಬೇರೆ ಎಂಬುದು ತಿಳಿಯುವ ಹೊತ್ತಿಗೆ ಅರ್ಧ ಮೂಟೆ ಸಿಮೆಂಟು ಮುಗಿದಿರುತ್ತದೆ. ಮನೆಯ ಮಟ್ಟಿಗೆ ಈ ತಪ್ಪಿನ ದಂಡ ಅಷ್ಟೆ. ಜೊತೆಗೆ ಹೆಂಡತಿಯ ನಾಲ್ಕು ಮಾತು. ಆದರೆ ಸೋರುವುದು ಮನೆಯಲ್ಲದೆ, ಹನ್ನೆರಡು ಜನ ಕುಳಿತು ನಡುಹೊಳೆಯಲ್ಲಿರುವ ದೋಣಿಯಾದರೆ?

ಬಾಗಲಕೋಟೆ ಜಿಲ್ಲೆಯ ಪಡುವಣ ತಾಲ್ಲೂಕುಗಳಲ್ಲಿ ಇದು ಕೇವಲ ಮಾತಿಗೆ ಕೇಳುವ ಪ್ರಶ್ನೆಯಲ್ಲ. ಜಮಖಂಡಿಗೂ ರಬಕವಿ-ಬನಹಟ್ಟಿಗೂ ಕೃಷ್ಣೆಯುಂಟು, ಮುಧೋಳಕ್ಕೆ ಘಟಪ್ರಭೆಯುಂಟು, ಬೀಳಗಿಯ ಸೀಮೆಗೆ ಎರಡೂ ಉಂಟು. ೧೯೮೯ರಲ್ಲಿ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರೇ ಹಣ ಕೂಡಿಸಿ, ತಾವೇ ಕಲ್ಲುಮಣ್ಣು ಹೊತ್ತು ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಅದಕ್ಕೆ ‘ಶ್ರಮಬಿಂದು ಸಾಗರ’ವೆಂಬ ಹೆಸರಾಯಿತು, ಮುಂದಾಳಾಗಿ ನಿಂತ ಸಿದ್ದು ನ್ಯಾಮಗೌಡರಿಗೆ ‘ಬ್ಯಾರೇಜ್ ಸಿದ್ದು’ ಎಂಬ ಹೆಸರೇ ನಿಂತಿತು. ಮೇಲೆ ಹಿಪ್ಪರಗಿಯ ಬ್ಯಾರೇಜು. ಕೆಳಗೆ ಆಲಮಟ್ಟಿ: ೧೯೬೪ರ ಮೇ ೨೨ರಂದು ಲಾಲ್ ಬಹಾದುರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆ ಅಣೆಕಟ್ಟು ೫೧೯.೬೦ ಮೀಟರಿಗೆ ತುಂಬಿ ನಿಂತಿತೆಂದರೆ ಹಿನ್ನೀರು ಬೀಳಗಿಯ ಹೊಲಗಳವರೆಗೂ ಚಾಚಿಕೊಳ್ಳುತ್ತದೆ. ಹೀಗೆ ನೀರು ನಿಲ್ಲುವ ದಿನಗಳು ಹೆಚ್ಚಿದಂತೆ ದೋಣಿ ಬೇಕಾಗುವ ದಿನಗಳೂ ಹೆಚ್ಚಿದವು. ರಬಕವಿಗೂ ಎದುರು ದಡದ ಮಹಿಷವಾಡಗಿಗೂ ನಡುವೆ ಬಹುಕಾಲ ದೋಣಿಯೇ ಸೇತುವೆಯಾಗಿತ್ತು. ಮನುಷ್ಯರಷ್ಟೇ ಅಲ್ಲ, ಹಾಲಿನ ಕ್ಯಾನುಗಳೂ ಮೋಟಾರು ಸೈಕಲ್ಲುಗಳೂ ಅದರಲ್ಲಿ ಹೊಳೆ ದಾಟಿದವು.

ಇಂಥದೊಂದು ದಂಡೆಯಲ್ಲಿ ಒಬ್ಬ ಅಂಬಿಗ. ಅವನ ತಂದೆಯದು ಮರದ ದೋಣಿ. ಅದೂ ಸೋರುತ್ತಿತ್ತು, ಆದರೆ ಮುಚ್ಚುಮರೆಯಿಲ್ಲದೆ ಸೋರುತ್ತಿತ್ತು. ಹಲಗೆ ಹಲಗೆಗಳ ನಡುವಿನ ಸಂದು ಕಣ್ಣಿಗೆ ಕಾಣುವಂಥದು. ನಾರು ತುಂಬಿ ಡಾಂಬರು ಬಳಿದರೆ ಆ ವರ್ಷದ ಚಿಂತೆ ಕಳೆಯಿತು. ಮಗನ ಕೈಗೆ ಬಂದದ್ದು ಫೈಬರ್‌ಗ್ಲಾಸ್ ದೋಣಿ. ಗಾಜಿನೆಳೆಯ ಚಾಪೆಗೆ ರಾಳ ಕುಡಿಸಿ ಅಚ್ಚಿನಲ್ಲಿ ಎರಕ ಹೊಯ್ದಂತೆ ಮಾಡಿದ ಒಂದೇ ತುಂಡಿನ ಒಡಲು, ಸಂದಿಲ್ಲ, ಮೊಳೆಯಿಲ್ಲ. ಇದಕ್ಕೆ ಸೋರುವ ಜಾಗವೇ ಇಲ್ಲವೆಂದು ಅವನೂ ನಂಬಿದ್ದ, ಮಾರಿದವರೂ ನಂಬಿಸಿದ್ದರು. ಆದರೆ ಈ ದೋಣಿಗೂ ಒಂದು ಮರ್ಮಸ್ಥಾನವುಂಟು. ಅದೇ ಹಿಂಬದಿಯ ಅಡ್ಡಗೋಡೆ. ಯಂತ್ರ ಬಲ್ಲವರು ಟ್ರಾನ್ಸಮ್ ಎನ್ನುವರು, ಅಂಬಿಗನ ಬಾಯಲ್ಲಿ ಅದು ‘ಬೆನ್ನಹಲಗೆ’. ಮೋಟಾರು ತೂಗುವುದು ಅದರ ಮೇಲೆ. ೨೫ ಅಶ್ವಶಕ್ತಿಯ ಯಂತ್ರವೆಂದರೆ ೫೦ ಕಿಲೋಗ್ರಾಮಿನ ಆಚೀಚೆಯ ಭಾರ. ಅದರ ಮೇಲೆ ನೂಕುವ ಬಲ, ಬಿಡುವಿಲ್ಲದ ನಡುಕ. ಬರಿಯ ಗಾಜಿನೆಳೆ ಇಷ್ಟನ್ನು ತಾಳದೆಂದು ಅನೇಕ ದೋಣಿಗಳ ಬೆನ್ನಹಲಗೆಯೊಳಗೆ ಪ್ಲೈವುಡ್ ಇಟ್ಟು, ಎರಡು ಕಡೆಯೂ ಗಾಜಿನೆಳೆಯ ಚರ್ಮ ಹೊದಿಸುತ್ತಾರೆ. ಹೊರಗೆ ನೋಡಿದರೆ ಗಾಜು. ಒಳಗೆ ಕುಳಿತಿರುವುದು ನಮ್ಮ ಹಳೆಯ ಮರವೇ. ಚರ್ಮಕ್ಕೆ ಎಲ್ಲಿ ತೂತು ಬಿದ್ದರೂ ಆ ಮರ ನೀರು ಕುಡಿಯುತ್ತದೆ. ಕುಡಿದದ್ದನ್ನು ಬೇಗ ಬಿಡುವುದೂ ಇಲ್ಲ.

೨೦೧೯ರ ಆಗಸ್ಟಿನ ನೆರೆ ಆ ಕಡೆಯವರಿಗೆ ಮರೆಯುವಂಥದಲ್ಲ. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಒಟ್ಟಿಗೆ ಉಕ್ಕಿದವು. ಮುಧೋಳದ ಬೀದಿಗಳಿಗೇ ಘಟಪ್ರಭೆ ಬಂದಳು. ಆ ಹತ್ತು ದಿನ ಅಂಬಿಗನ ದೋಣಿಗೆ ಹಗಲು ರಾತ್ರಿಯೆಂಬುದಿರಲಿಲ್ಲ. ನೆರೆ ಇಳಿದ ಮೇಲೆ ದೋಣಿಯ ಹಿಂಭಾಗದಲ್ಲಿ ನೀರು ಕಾಣಿಸತೊಡಗಿತು. ಮೊದಲು ಒಂದು ಚೊಂಬು. ಮರುವರ್ಷ ಸಂಜೆಯ ಹೊತ್ತಿಗೆ ನಾಲ್ಕು ಡಬ್ಬಿ. ನೀರು ಜಿನುಗುತ್ತಿದ್ದುದು ಬೆನ್ನಹಲಗೆಯ ಬುಡದ ಬೂಚಿನ ಹತ್ತಿರ. ದೋಣಿಯನ್ನು ದಡಕ್ಕೆಳೆದಾಗ ಒಳನೀರನ್ನು ಬಸಿಯಲು ಮಾಡಿದ ಕಂಡಿಗೆ ಹಾಕುವ ಬೂಚು ಅದು. ರಬ್ಬರಿನ ಬಿಲ್ಲೆ ಸವೆದಿರಬೇಕೆಂದು ಹೊಸದು ಹಾಕಿದ. ಸೋರಿತು. ಬೂಚಿನ ಸುತ್ತಲ ಸ್ಕ್ರೂಗಳನ್ನು ಬಿಗಿದ. ಸೋರಿತು. ಅಂಟು ತಂದು ರೊಟ್ಟಿ ಬಡಿದಂತೆ ಬಡಿದ. ಎಂಟು ದಿನ ತಡೆದು ಮತ್ತೆ ಸೋರಿತು. ಸಿಮೆಂಟು ಮೆತ್ತಿದ ನಮ್ಮ ಯಜಮಾನರಿಗಿಂತ ಅವನೇನೂ ಕಡಿಮೆಯಲ್ಲ.

ಹಳೆಯ ಮರದ ದೋಣಿ ನೀರು ತುಂಬಿದರೂ ತೇಲುತ್ತಿತ್ತು, ಹಿಡಿದುಕೊಳ್ಳಲಾದರೂ ಹಲಗೆಯಿರುತ್ತಿತ್ತು. ಗಾಜಿನೆಳೆ ನೀರಿಗಿಂತ ತೂಕವುಳ್ಳದ್ದು. ತೇಲಿಸುವ ಗಾಳಿಯರೆಯೋ ನೊರೆಯ ತುಂಬುವಿಕೆಯೋ ಇಲ್ಲದಿದ್ದರೆ, ತುಂಬಿದ ದೋಣಿ ಮೋಟಾರಿನ ಭಾರಕ್ಕೆ ಹಿಂಬದಿಯಿಂದ ನೇರ ತಳಕ್ಕಿಳಿಯುತ್ತದೆ. ಇದಕ್ಕಿಂತ ಮೊದಲೇ ಒದಗಬಹುದಾದ ಇನ್ನೊಂದು ಅಪಾಯವೆಂದರೆ, ಒಳಮರ ಕೊಳೆತ ಬೆನ್ನಹಲಗೆಯಿಂದ ಮೋಟಾರು ನಡುಹೊಳೆಯಲ್ಲಿ ಕಿತ್ತುಕೊಂಡು ಬರುವುದು. ಇದನ್ನು ಯಾರೂ ಅವನಿಗೆ ಪಾಠ ಹೇಳಬೇಕಾಗಿರಲಿಲ್ಲ. ೨೦೨೧ರ ಬೇಸಗೆಯಲ್ಲಿ ಒಂದು ಬೆಳಿಗ್ಗೆ, ಆರು ಹಾಲಿನ ಕ್ಯಾನುಗಳು ದಡದಲ್ಲಿ ಸಾಲಾಗಿ ಕಾದಿರುವಾಗ, ಅವನು ಹಗ್ಗವನ್ನು ಬಿಚ್ಚದೆ ನಿಂತ.

“ಇವತ್ತ ದೋಣಿ ಬಿಡಂಗಿಲ್ರಿ.”

“ನಿನ್ನಿ ಬಿಟ್ಟಿದ್ಯಲ್ಲೋ?”

“ನಿನ್ನಿ ಬಿಟ್ಟಿದ್ದ ತಪ್ಪಾತ್ರಿ.”

ಹಾಲಿನವರ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಕಾಸು ಕೊಡುವ ಗಿರಾಕಿಗೆ ‘ಇಲ್ಲ’ವೆನ್ನುವುದು ಹೊಳೆಯನ್ನು ಈಸಿ ದಾಟುವುದಕ್ಕಿಂತ ಕಷ್ಟ; ಅದನ್ನು ಅವನು ಮಾಡಿದ.

ಆಮೇಲೆ ನಡೆದದ್ದು ಪತ್ತೇದಾರಿ. ಮೊದಲ ಪ್ರಶ್ನೆ: ನೀರು ನಿಂತಾಗ ಬರುವುದೊ, ನಡೆದಾಗ ಬರುವುದೊ? ದೋಣಿಯನ್ನು ಒಣಬಟ್ಟೆಯಿಂದ ಒರೆಸಿ, ಖಾಲಿಯಾಗಿ, ಕಟ್ಟಿದಲ್ಲಿಯೇ ಒಂದು ಹಗಲು ಬಿಟ್ಟ. ಬೂಚಿನ ಬುಡ ಒಣಗಿಯೇ ಇತ್ತು. ಮೂರು ಸಲ ಮದ್ದು ಮಾಡಿಸಿಕೊಂಡ ಬೂಚು ನಿರಪರಾಧಿ! ಬೂಚು ಸದಾ ನೀರಿನೊಳಗೇ ಇರುವಂಥದು. ಅದೇ ಕಳ್ಳನಾಗಿದ್ದರೆ ನಿಂತ ದೋಣಿಯೂ ಸೋರಬೇಕಿತ್ತು. ಆಮೇಲೆ ಖಾಲಿ ದೋಣಿಯ ನೀರಿನ ಮಟ್ಟಕ್ಕೆ ಹೊರಗಡೆ ಒಂದು ಗೆರೆ ಎಳೆದ. ಊರ ಹುಡುಗರನ್ನೆಲ್ಲ ಹತ್ತಿಸಿ, ಹಿಂಬದಿಯಲ್ಲಿ ಕೂಡಿಸಿ, ಇನ್ನೊಂದು ಗೆರೆ ಎಳೆದ. ಎರಡು ಗೆರೆಗಳ ನಡುವೆ ಗೇಣುದ್ದ ಅಂತರ. ಅಪರಾಧಿ ಅಡಗಿರುವುದು ಆ ಗೇಣಿನಲ್ಲಿ.

ಆ ಗೇಣಿನಲ್ಲಿ ಏನೇನಿತ್ತು? ಮೋಟಾರು ಬಿಗಿದ ಕೆಳಗಿನ ಎರಡು ಬೋಲ್ಟು, ಒಂದು ಸಣ್ಣ ಗೀರು, ಒಂದು ಕಬ್ಬಿಣದ ಬಳೆ. ಬೋಲ್ಟಿನ ಮೇಲೆ ಎಲ್ಲರ ಕಣ್ಣು. ನಡುಕಕ್ಕೆ ಸಡಿಲುವುದು ಅದೇ ತಾನೆ? ಆದರೆ ಊಹೆಯಿಂದ ಮೂರು ಸಲ ಸೋತವನು ನಾಲ್ಕನೆಯ ಸಲ ಊಹಿಸಲಿಲ್ಲ. ದೋಣಿಯನ್ನು ದಡಕ್ಕೆಳೆದು, ಮೋಟಾರು ಇಳಿಸಿ, ಮುಂಬದಿಯನ್ನು ಟೈರುಗಳ ಮೇಲೆ ಎತ್ತಿಟ್ಟ. ಬೆನ್ನಹಲಗೆಯ ಹೊರಮೈಯನ್ನು ಚೆನ್ನಾಗಿ ಒಣಗಿಸಿ, ಸೀಮೆಸುಣ್ಣದ ಪುಡಿಯನ್ನು ತೆಳ್ಳಗೆ ಬಳಿದ. ರಬಕವಿ-ಬನಹಟ್ಟಿ ಮಗ್ಗದ ಊರು. ಸೀರೆಯ ನೂಲಿಗೆ ಹಾಕುವ ಬಣ್ಣ ಅಲ್ಲಿ ದುರ್ಲಭವಲ್ಲ. ಒಂದು ಚಿಟಿಕೆ ಕೆಂಪನ್ನು ಕೊಡದ ನೀರಿಗೆ ಕಲಸಿ, ದೋಣಿಯ ಒಳಗೆ, ಹಿಂಬದಿಗೆ, ಸ್ವಲ್ಪ ಸ್ವಲ್ಪವಾಗಿ ಸುರಿದ. ಹೊರಗಿನ ನೀರು ಒಳಬರುವ ದಾರಿಯಲ್ಲೇ ಒಳಗಿನ ನೀರು ಹೊರಹೋಗಲೇಬೇಕಲ್ಲ! ದೋಣಿಯನ್ನು ಕಂಠಮಟ್ಟ ತುಂಬುವಂತಿಲ್ಲ. ಒಂದು ಘನಮೀಟರು ನೀರೆಂದರೆ ಒಂದು ಟನ್ನು, ಟೈರಿನ ಮೇಲಿಟ್ಟ ಒಡಲು ಬಿರಿದೀತು. ಅದಕ್ಕೇ ಮುಂಬದಿಯನ್ನು ಎತ್ತಿದ್ದು. ನಾಲ್ಕು ಬೆರಳು ನೀರು, ಒಂದು ಬೀಡಿಯ ಹೊತ್ತು ಕಾಯುವುದು. ಮತ್ತೆ ನಾಲ್ಕು ಬೆರಳು, ಮತ್ತೊಂದು ಬೀಡಿ. ಒಮ್ಮೆಲೆ ಸುರಿದಿದ್ದರೆ ಯಾವ ಎತ್ತರದಲ್ಲಿ ಸೋರಿತೆಂಬುದು ತಿಳಿಯುತ್ತಿರಲಿಲ್ಲ. ನೀರು ಮೇಲಿನ ಗೆರೆ ಮುಟ್ಟುವಾಗ ಕತ್ತಲಾಯಿತು. ಹಾಗೆಯೇ ಬಿಟ್ಟು ಮನೆಗೆ ಹೋದ. ಅವನಿಗೆ ನಿದ್ದೆ ಬಂದಿತೆಂದು ಹೇಳಲಾಗದು.

ಬೆಳಗಾಗುವಾಗ ಬಿಳಿಯ ಪುಡಿಯ ಮೇಲೆ ಕುಂಕುಮದಷ್ಟು ಕೆಂಪು ಒಂದೇ ಕಡೆ ಮೂಡಿತ್ತು. ಬೋಲ್ಟಿನ ಹತ್ತಿರವಲ್ಲ. ಕಬ್ಬಿಣದ ಬಳೆಯ ಎಡಗಡೆಯ ಸ್ಕ್ರೂವಿನ ಬುಡದಲ್ಲಿ.

ಆ ಬಳೆಯನ್ನು ಹಾಕಿದವನು ಅವನೇ. ೨೦೧೯ರ ನೆರೆಯಲ್ಲಿ ಒಂದು ಸಂಜೆ, ದೋಣಿಯಲ್ಲಿ ಜಾಗವಿಲ್ಲದೆ, ಎರಡು ಕರುಗಳನ್ನು ಹರಿಗೋಲಿನಲ್ಲಿ ನಿಲ್ಲಿಸಿ ಹಿಂದೆ ಎಳೆದು ತರಬೇಕಾಗಿತ್ತು. ಹಗ್ಗ ಕಟ್ಟಲು ಬೆನ್ನಹಲಗೆಗೆ ಎರಡು ತೂತು ಕೊರೆದು ಬಳೆ ಬಿಗಿದಿದ್ದ. ಕರುಗಳು ಬದುಕಿದವು. ಬಳೆ ಅಲ್ಲಿಯೇ ಉಳಿಯಿತು. ತೂತಿಗೆ ಅಂಟು ಹಾಕಬೇಕೆಂಬುದು ಆ ಗಡಿಬಿಡಿಯಲ್ಲಿ ಯಾರಿಗೆ ನೆನಪು? ಖಾಲಿ ದೋಣಿಯಲ್ಲಿ ಬಳೆ ನೀರಿನ ಮೇಲಿರುತ್ತಿತ್ತು, ಜನ ಹತ್ತಿದರೆ ಮುಳುಗುತ್ತಿತ್ತು. ಸ್ಕ್ರೂವಿನ ಗುಂಟ ಹೊಕ್ಕ ನೀರು ಒಳಗಿನ ಮರದ ಪದರುಗಳಲ್ಲಿ ಇಳಿದು, ಎರಡಡಿ ಆಚೆ, ಬೂಚಿನ ಸ್ಕ್ರೂಗಳಲ್ಲಿ ಹೊರದಾರಿ ಕಂಡುಕೊಂಡಿತ್ತು. ಎರಡು ವರ್ಷ ಅವನು ಹೊರಬಾಗಿಲಿಗೆ ಬೀಗ ಹಾಕುತ್ತಿದ್ದ. ಅದು ಒಂದೆರಡು ಸಲ ಹತ್ತಿದ್ದಕ್ಕೆ ಫಲ, ನೀರು ಮರದೊಳಗೇ ನಿಂತು ಮರವನ್ನು ತಿಂದದ್ದು.

ಎಷ್ಟು ತಿಂದಿದೆಯೆಂದು ಕೇಳಲು ಕಿವಿ ಬೇಕು. ಮರದ ಕೊಡತಿಯಿಂದ ಹಲಗೆಯನ್ನು ಅಂಗುಲ ಅಂಗುಲವಾಗಿ ತಟ್ಟುತ್ತ ಬಂದ. ಗಟ್ಟಿಯಿದ್ದಲ್ಲಿ ‘ಠಣ್’, ಬಳೆಯ ಕೆಳಗೆ ಬರುತ್ತಲೆ ಒದ್ದೆಯ ‘ದಪ್’. ಮುಧೋಳವು ರನ್ನ ಹುಟ್ಟಿದ ನಾಡು. ಅವನ ‘ಗದಾಯುದ್ಧ’ದಲ್ಲಿ ದುರ್ಯೋಧನ ನೀರಿನಲ್ಲಿ ಅಡಗಿ ಕುಳಿತರೆ ಭೀಮ ದಡದಲ್ಲಿ ನಿಂತು ಗರ್ಜಿಸಿ ಹೊರಗೆಳೆಯುತ್ತಾನೆ. ಇಲ್ಲಿ ನೀರೇ ಅಡಗಿ ಕುಳಿತಿದೆ. ಗರ್ಜಿಸಿದರೆ ಬರುವುದಿಲ್ಲ, ಮೆಲ್ಲನೆ ತಟ್ಟಿ ಕೇಳಬೇಕು. ‘ದಪ್’ ಎಂದಲ್ಲಿ ಒಳಗಡೆಯಿಂದ ಸಣ್ಣ ತೂತು ಕೊರೆದಾಗ ಬಂದದ್ದು ಮರದ ಹೊಟ್ಟಲ್ಲ. ನೆನೆದ ಚಹಾಪುಡಿಯಂಥ ಕಪ್ಪು ಮುದ್ದೆ, ಹುಳಿ ನಾತ. ಅಂಗೈ ಎರಡರಷ್ಟು ಅಗಲ ಕೊಳೆತಿತ್ತು. ಮೋಟಾರಿನ ಬೋಲ್ಟಿಗೆ ಇನ್ನು ನಾಲ್ಕೇ ಬೆರಳು.

ಮುಂದಿನದು ಕೈಕೆಲಸ, ವಿಸ್ತರಿಸಬೇಕಾದ್ದಿಲ್ಲ. ಒಳಗಿನ ಚರ್ಮವನ್ನು ಕೊಯ್ದು, ಕೊಳೆತದ್ದನ್ನು ಗಟ್ಟಿಮರ ಸಿಗುವವರೆಗೂ ತೆಗೆದು, ಬೇಸಗೆಯ ಬಿಸಿಲಿಗೆ ವಾರಗಟ್ಟಲೆ ಒಣಗಿಸಿದ. ಆ ಸೀಮೆಯ ಬಿಸಿಲಿಗೆ ಒಂದು ಸಲವಾದರೂ ಕೃತಜ್ಞತೆ ಹೇಳಬೇಕು. ಹೊಸ ಪ್ಲೈವುಡ್ಡು ಕೂರಿಸಿ, ಮೇಲೆ ಗಾಜಿನೆಳೆ ಹೊದಿಸಿದ್ದಾಯಿತು. ಇದರಲ್ಲಿ ತಿಳಿಯತಕ್ಕ ಜಾಣ್ಮೆ ತೂತಿನದು. ಬೂಚಿನ ಸ್ಕ್ರೂ, ಮೋಟಾರಿನ ಬೋಲ್ಟು, ಪ್ರತಿಯೊಂದರ ತೂತನ್ನೂ ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಅದು ಕಲ್ಲಾದ ಮೇಲೆ ಅದರ ನಡುವೆ ಸರಿಯಾದ ತೂತು ಕೊರೆಯಬೇಕು. ಆಗ ಕಬ್ಬಿಣಕ್ಕೂ ಮರಕ್ಕೂ ಮುಖಾಮುಖಿಯೇ ಇಲ್ಲ. ಅಂಟು ಎಂದಾದರೂ ಸಡಿಲಿ ನೀರು ಬಂದರೂ ಮರಕ್ಕೆ ಮುಟ್ಟದು. ಬಳೆಯನ್ನು ಕಿತ್ತೊಗೆಯೆಂದು ಮಗ ಹೇಳಿದ. ಅಂಬಿಗ ಒಪ್ಪಲಿಲ್ಲ, ಅದನ್ನೂ ಇದೇ ಕ್ರಮದಲ್ಲಿ ತಿರುಗಿ ಕೂರಿಸಿದ, ಈ ಸಲ ಮೇಲಿನ ಗೆರೆಗಿಂತ ನಾಲ್ಕು ಬೆರಳು ಮೇಲೆ.

ಜುಲೈ ಕೊನೆಗೆ ಕೊಯ್ನೆಯ ನೀರು ಬಂತು. ಕೃಷ್ಣೆ ಮತ್ತೆ ದಂಡೆ ಮೀರಿದಳು. ಮೊದಲ ದಿನ ದೋಣಿ ಇಳಿಸುವ ಮುನ್ನ ಅಂಬಿಗ ಬೆನ್ನಹಲಗೆಯ ಬುಡಕ್ಕೆ ಒಲೆಯ ಬೂದಿಯನ್ನು ತೆಳ್ಳಗೆ ಹರವಿ, ಅಲ್ಲಿ ಯಾರೂ ಕಾಲಿಡಕೂಡದೆಂದು ಎಲ್ಲರಿಗೂ ಗದರಿಸಿ ಹೇಳಿದ. ಆ ದಿನ ಏಳು ಸಲ ಹೋಗಿ ಬಂದದ್ದಾಯಿತು. ಮುದುಕಿಯರು, ಕಾಳಿನ ಚೀಲಗಳು, ಒಂದು ಹೊಲಿಗೆಯಂತ್ರ, ನಾಲ್ಕು ಆಡು. ಸಂಜೆ ದೋಣಿ ಕಟ್ಟಿ, ಟಾರ್ಚು ಹಿಡಿದು, ಮೊಣಕಾಲೂರಿ ನೋಡಿದ. ಬೂದಿ ಒಣಗಿತ್ತು. ಒದ್ದೆಯಾಗಿದ್ದುದು ನಡುವೆ ಒಂದೇ ಒಂದು ಕಡೆ, ಆಡಿನ ಗೊರಸಿನ ಅಚ್ಚಿನಷ್ಟು.