ದುರ್ಗದ ಗುಡಿಯ ಮಹಿಷಮರ್ದಿನಿ

"ಇದು ದುರ್ಗೆಯ ಗುಡಿ ಅಲ್ರೀ, ದುರ್ಗದ ಗುಡಿ!" ಐಹೊಳೆಯಲ್ಲಿ ಬಸ್ಸಿಳಿದು ದಾರಿ ಕೇಳಿದಾಗ ಊರಿನ ಹಿರಿಯರೊಬ್ಬರು ನಮ್ಮನ್ನು ತಿದ್ದಿದರು. ಹಿಂದೆ ಕೋಟೆಯ ಭಾಗವಾಗಿದ್ದುದರಿಂದ ಆ ಹೆಸರು. ಮೊದಲು ಇದು ಸೂರ್ಯನ ಗುಡಿಯಾಗಿತ್ತೆಂದು ವಿದ್ವಾಂಸರು ಹೇಳುತ್ತಾರೆ. ಆದರೂ ದೇವಿ ಇಲ್ಲಿದ್ದಾಳೆ.

ಬಾದಾಮಿಯಿಂದ ಸುಮಾರು 35 ಕಿ.ಮೀ. ದೂರದ ಐಹೊಳೆಯಲ್ಲಿ, ಬಾದಾಮಿ ಚಾಲುಕ್ಯರ ಕಾಲದ ಈ ಗುಡಿಯ ಹಿಂಭಾಗ ಆನೆಯ ಬೆನ್ನಿನಂತೆ ದುಂಡಗಿದೆ. ಕಂಬಗಳ ಸಾಲಿನೊಳಗೆ ಪ್ರದಕ್ಷಿಣೆ ಹೊರಟರೆ ಗೋಡೆಯ ಗೂಡುಗಳಲ್ಲಿ ಶಿವ, ನರಸಿಂಹ, ವರಾಹ, ಹರಿಹರರ ನಡುವೆ ಮಹಿಷಮರ್ದಿನಿ ಎದುರಾಗುತ್ತಾಳೆ. ಎಂಟು ಕೈ, ಪಕ್ಕದಲ್ಲಿ ಸಿಂಹ, ತ್ರಿಶೂಲದ ಕೆಳಗೆ ಕೋಣ.

"ಪಾಪ, ಕೋಣಕ್ಕೆ ನೋವಾಗಲ್ವಾ ಅಪ್ಪಾ?" ಎಂದಳು ಮಗಳು.

ಉತ್ತರ ಥಟ್ಟನೆ ಹೊಳೆಯಲಿಲ್ಲ. ದೇವೀಮಾಹಾತ್ಮ್ಯೆಯ ಕಥೆ ಹೇಳಿದೆ. ಮಹಿಷಾಸುರ ಬರಿಯ ಕೋಣನಲ್ಲ. ಸಿಂಹ, ಮನುಷ್ಯ, ಆನೆ ಎಂದು ರೂಪ ಬದಲಿಸುತ್ತಾ ಹೋದವನು. ನಮ್ಮೊಳಗಿನ ಸೊಕ್ಕೂ ಹಾಗೆಯೇ, ಒಂದು ಕಡೆ ಹಿಡಿದರೆ ಇನ್ನೊಂದು ವೇಷದಲ್ಲಿ ಬರುತ್ತದೆ. ಒಬ್ಬೊಬ್ಬರಿಂದ ಆಗದ ಕೆಲಸಕ್ಕೆ ದೇವತೆಗಳು ತಮ್ಮ ತೇಜಸ್ಸನ್ನೆಲ್ಲ ಕೂಡಿಸಿದರು. ಶಿವ ತ್ರಿಶೂಲ ಕೊಟ್ಟ, ವಿಷ್ಣು ಚಕ್ರ, ವರುಣ ಶಂಖ, ವಾಯು ಬಿಲ್ಲು, ಹಿಮವಂತ ಸಿಂಹ. ಹಲವು ಕೈಗಳೆಂದರೆ ಒಟ್ಟುಗೂಡಿದ ಶಕ್ತಿ. ಇಷ್ಟಾದರೂ ದೇವಿಯ ಮುಖದಲ್ಲಿ ಸಿಟ್ಟಿಲ್ಲ. ಕೊಲ್ಲಬೇಕಾದದ್ದು ಸೊಕ್ಕನ್ನು, ಹಗೆಯಿಂದಲ್ಲ ಎಂದು ಶಿಲ್ಪಿ ಹೇಳಿದಂತಿದೆ.

ಇದೇ ದೇವಿಯನ್ನು ತಮಿಳುನಾಡಿನ ಮಾಮಲ್ಲಪುರದ ಗುಹೆಯಲ್ಲಿ ಪಲ್ಲವರ ಶಿಲ್ಪಿಗಳೂ ಕಡೆದಿದ್ದಾರೆ. ಅಲ್ಲಿ ಯುದ್ಧ ಇನ್ನೂ ಮುಗಿದಿಲ್ಲ. ಸಿಂಹವನ್ನೇರಿದ ದೇವಿ ಬಿಲ್ಲೆಳೆದಿದ್ದಾಳೆ. ಮನುಷ್ಯನ ಮೈ, ಕೋಣನ ತಲೆಯ ಮಹಿಷ ಗದೆ ಹಿಡಿದೇ ಹಿಮ್ಮೆಟ್ಟುತ್ತಿದ್ದಾನೆ. ಇಲ್ಲಿ ಕಥೆಯ ಕೊನೆ, ಅಲ್ಲಿ ಕಥೆಯ ನಡು. ಚಾಲುಕ್ಯರಿಗೂ ಪಲ್ಲವರಿಗೂ ಬದ್ಧವೈರ. 642ರಲ್ಲಿ ಪಲ್ಲವರು ಬಾದಾಮಿಯನ್ನೇ ಗೆದ್ದುಕೊಂಡಿದ್ದರು. ಕಾದಾಡಿದ ಎರಡೂ ನಾಡುಗಳು ಪೂಜಿಸಿದ ತಾಯಿ ಮಾತ್ರ ಒಬ್ಬಳೇ.

ಶಾಲಾ ಪ್ರವಾಸದಲ್ಲಿ ಐಹೊಳೆಗೆ ಹೋದರೆ ಈ ಗೂಡಿನ ಮುಂದೆ ಹತ್ತು ನಿಮಿಷ ನಿಲ್ಲಿ. ಫೋಟೋ ಆಮೇಲೆ ತೆಗೆಯಬಹುದು. ಮೊದಲು ಆಯುಧಗಳನ್ನು ಎಣಿಸಿ, ಮುಖ ನೋಡಿ, ಕೋಣನನ್ನೂ ನೋಡಿ. ಮಗು ಪ್ರಶ್ನೆ ಕೇಳಿದರೆ ಅವಸರಿಸಬೇಡಿ. ನನ್ನ ಮಗಳು ಹೊರಡುವಾಗ ದೇವಿಗೆ ಕೈ ಮುಗಿದಳು. ಕೋಣನ ಕಡೆಗೂ ಒಮ್ಮೆ ತಿರುಗಿ ನೋಡಿದಳು.